ಗೋಡೆಯ ಮೇಲಿನ ಸರ್ಟಿಫಿಕೇಟ್

ಪ್ರಶ್ನೆ: ಅಮೆರಿಕದಲ್ಲಿ ಕರಿಯರು, ಬಿಳಿಯರು ಮದುವೆಯಾದರೆ ಜೈಲಿಗೆ ಹಾಕುತ್ತಿದ್ದರಂತೆ, ನಿಜಾನಾ? ಈಗ ಜನ ಬದಲಾಗಿದ್ದಾರಾ?

ಉತ್ತರ: ನಿಜ ಕಣ್ರೀ. ವರ್ಜೀನಿಯಾ ರಾಜ್ಯದ ಬಿಳಿಯ ರಿಚರ್ಡ್ ಮತ್ತು ಕರಿಯ ಮಿಲ್ಡ್ರೆಡ್ ಲವಿಂಗ್ (ಹೆಸರು ನೋಡಿ ಹೆಂಗಿದೆ!) 1958ರಲ್ಲಿ ಮದುವೆಯಾದರು. ಕೆಲವೇ ವಾರಗಳಲ್ಲಿ ಪೊಲೀಸರು ನಡುರಾತ್ರಿ ಮಲಗೋ ಕೋಣೆಗೇ ನುಗ್ಗಿದರು, ಗೋಡೆ ಮೇಲಿದ್ದ ಮದುವೆ ಸರ್ಟಿಫಿಕೇಟ್ ತೋರಿಸಿದರೆ ಅದು ಇಲ್ಲಿ ನಡೆಯಲ್ಲ ಅಂದರು. 1967ರಲ್ಲಿ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಗ್ಯಾಲಪ್ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಇಂಥ ಮದುವೆಗೆ ಸೈ ಅಂದವರು 1958ರಲ್ಲಿ ಬರೀ ಶೇ. 4, 2021ರಲ್ಲಿ ಶೇ. 94. ಜನ ಬದಲಾದರು, ಅಲ್ವಾ? ಆದರೆ ಅಲಬಾಮಾ ರಾಜ್ಯದ ಸಂವಿಧಾನದಲ್ಲಿ ಆ ನಿಷೇಧದ ಸಾಲು 2000ದವರೆಗೂ ಸುಮ್ನೆ ಹಾಗೇ ಕೂತಿತ್ತು. ಅದನ್ನು ತೆಗೆಯೋದಕ್ಕೆ ಮತ ಕೇಳಿದಾಗ ಸುಮಾರು ಶೇ. 40 ಜನ ಬೇಡ ಅಂದರು!