“ಬೇಡ ಅಂದ್ರೆ ಡಾಕ್ಟರ್‌ಗೆ ಬೇಜಾರಾಗಲ್ವಾ?”

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐವತ್ತು ದಾಟಿದ ಆಕೆ ಮಗನ ಜೊತೆ ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಸ್ತನ ಕ್ಯಾನ್ಸರ್. ಗಡ್ಡೆಯನ್ನಷ್ಟೇ ತೆಗೆದು ಸ್ತನ ಉಳಿಸುವ ಆಪರೇಷನ್, ಆಮೇಲೆ ರೇಡಿಯೇಷನ್, ಎಲ್ಲ ಮುಗಿದು ನಾಲ್ಕು ವರ್ಷವಾಗಿತ್ತು. ಈಗ ಕಾಯಿಲೆ ಮೂಳೆಯಲ್ಲಿ ಕಾಣಿಸಿಕೊಂಡಿದೆ. ಡಾಕ್ಟರು ಕ್ಲಿನಿಕಲ್ ಟ್ರಯಲ್‌ಗೆ, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಅಧ್ಯಯನಕ್ಕೆ, ಸೇರುತ್ತೀರಾ ಎಂದು ಕೇಳಿ ಒಪ್ಪಿಗೆ ಪತ್ರ ಕೊಟ್ಟು ಕಳಿಸಿದ್ದರು. 22 ಪುಟ. ಮೊದಲ ನಾಲ್ಕು ಹಾಳೆ ಓದಿ ಓದಿ ಮೆತ್ತಗಾಗಿದ್ದವು, ಉಳಿದವು ಗರಿಗರಿ. ಸಹಿ ಹಾಕಬೇಕಾದ ಪುಟವನ್ನು ಮಾತ್ರ ಕಾಣದ ಹಾಗೆ ಒಳಕ್ಕೆ ಮಡಚಿಟ್ಟಿದ್ದರು.

“ಹೊಸ ಔಷಧಿ ಸಿಗುತ್ತೆ ಮೇಡಂ, ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದ ಮಗ.

“ನನ್ನ ಮೇಲೆ ಪ್ರಯೋಗ ಮಾಡ್ತಾರೆ, ಅಷ್ಟೇ” ಎಂದರು ತಾಯಿ.

ಈ ಎರಡು ಮಾತನ್ನೂ ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಮಗನಿಗೆ ಹೇಳಿದೆ: ಹೊಸದು ಹಳೆಯದಕ್ಕಿಂತ ಮೇಲು ಎಂದು ಮೊದಲೇ ಗೊತ್ತಿದ್ದರೆ ಈ ಟ್ರಯಲ್ಲೇ ಬೇಕಿರಲಿಲ್ಲ. ಇದು ಮೂರನೇ ಹಂತದ್ದು, ಹೊಸದನ್ನು ರೂಢಿಯ ಚಿಕಿತ್ಸೆಯ ಜೊತೆ ಹೋಲಿಸಿ ನೋಡುವುದು. ಕೆಲವರಿಗೆ ಈಗ ರೂಢಿಯಲ್ಲಿರುವ ಚಿಕಿತ್ಸೆ, ಉಳಿದವರಿಗೆ ಅದರ ಜೊತೆಗೆ ಹೊಸ ಮಾತ್ರೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ, ಡಾಕ್ಟರಲ್ಲ. ತಾಯಿಗೆ ಹೇಳಿದೆ: ಈ ಟ್ರಯಲ್‌ನಲ್ಲಿ ಬರೀ ಸಕ್ಕರೆ ಗುಳಿಗೆ ಕೊಟ್ಟು ಯಾರನ್ನೂ ಕೂರಿಸುವುದಿಲ್ಲ. ಹಾಗಂತ ಅಡ್ಡಪರಿಣಾಮ ಇರುವುದಿಲ್ಲ ಎಂದು ನಾನು ಹೇಳಲಾರೆ; ರಕ್ತಪರೀಕ್ಷೆ, ಸ್ಕ್ಯಾನ್, ಓಡಾಟ ಹೆಚ್ಚಾಗಬಹುದು.

ಆಕೆ ತಲೆಯಾಡಿಸಿದರು. ಮುಖ ಮಾತ್ರ ಸಡಿಲವಾಗಲಿಲ್ಲ. ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ಬಾಗಿಲು ಮುಚ್ಚಿದ ಮೇಲೆ ಅವರ ದನಿ ಇಳಿಯಿತು. “ಬೇಡ ಅಂದ್ರೆ ಡಾಕ್ಟರ್‌ಗೆ ಬೇಜಾರಾಗಲ್ವಾ ಮೇಡಂ? ಆಮೇಲೆ ನನ್ನನ್ನ ಯಾರು ನೋಡ್ತಾರೆ?”

ಔಷಧಿಯ ಭಯವಲ್ಲ ಅದು. ಜೀವ ಹಿಡಿದಿರುವ ಕೈಯೇ ಬಿಟ್ಟುಹೋದೀತೆಂಬ ಭಯ. ಆ ಭಯಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ನಾನು ಒಪ್ಪುವುದಿಲ್ಲ. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಅಂಗೀಕರಿಸಿ, ಮುಂದೆ ಹಲವು ಸಲ ತಿದ್ದಿದ ಹೆಲ್ಸಿಂಕಿ ಘೋಷಣೆ (ಮನುಷ್ಯರನ್ನು ಒಳಗೊಂಡ ವೈದ್ಯಕೀಯ ಸಂಶೋಧನೆಯ ನೀತಿಸೂತ್ರ) ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ರೋಗಿ ಒಲ್ಲೆ ಎಂದರೂ, ನಡುವೆ ಬಿಟ್ಟರೂ ವೈದ್ಯರೊಂದಿಗಿನ ಸಂಬಂಧ ಕೆಡಬಾರದು. ರೋಗಿ ಆ ವೈದ್ಯರನ್ನೇ ನೆಚ್ಚಿಕೊಂಡಿದ್ದರೆ ಒಪ್ಪಿಗೆಯನ್ನು ಅರ್ಹರಾದ ಬೇರೊಬ್ಬರು ಕೇಳಬೇಕು.

ಹಾಗಾಗಿ ನಾನು ಕೊಟ್ಟ ಸಲಹೆ ಇಷ್ಟು. ಇವತ್ತು ಸಹಿ ಬೇಡ. ಪತ್ರವನ್ನು ಮನೆಗೆ ಒಯ್ದು, ಅರ್ಥವಾಗದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಡಾಕ್ಟರ ಹತ್ತಿರ ಎಲ್ಲಕ್ಕಿಂತ ಮೊದಲು, ನನಗೆ ಕೇಳಿದ ಪ್ರಶ್ನೆಯನ್ನೇ ಹೀಗೇ ಕೇಳಿ. ಒಪ್ಪಿಗೆಯ ಮಾತುಕತೆಗೆ ಇನ್ನೊಬ್ಬರು ಬರಲಿ ಅನ್ನಿ.

ಅವರು ಎದ್ದು ನಿಂತಾಗ ಒಂದು ಮಾತು ಹೇಳದಿರಲಾಗಲಿಲ್ಲ. ಅವರ ಸ್ತನ ಉಳಿದದ್ದರ ಹಿಂದೆಯೂ ಟ್ರಯಲ್‌ಗಳಿವೆ. ಅಂಥದ್ದೊಂದು ಅಮೆರಿಕದಲ್ಲಿ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ ಮುಂದಾಳುತನದಲ್ಲಿ 1976ರಲ್ಲಿ ಶುರುವಾಯಿತು. ಇಡೀ ಸ್ತನ ತೆಗೆಯಬೇಕೇ, ಗಡ್ಡೆ ಮಾತ್ರ ಸಾಕೇ ಎಂಬುದನ್ನೇ ಚೀಟಿಗೆ ಬಿಡಬೇಕಿತ್ತು. ಸೇರಲು ಹಿಂಜರಿದವರು ಬಹಳ. ಆದರೂ 1,800ಕ್ಕೂ ಹೆಚ್ಚು ಮಹಿಳೆಯರು ಸೇರಿದರು. ಒತ್ತಾಯಕ್ಕೆ ಈ ಕಥೆ ಹೇಳುತ್ತಿಲ್ಲ ಎಂದೂ ಸೇರಿಸಿದೆ.

ವಾರದ ಮೇಲೆ ಬಂದಾಗ 22 ಪುಟವೂ ಮೆತ್ತಗಾಗಿತ್ತು. “ಬೇಡ ಅಂದ್ರೂ ಮುಂದಿನ ಚೆಕಪ್‌ಗೆ ನನ್ನ ಹತ್ರಾನೇ ಬರಬೇಕು ಅಂದ್ರು ಡಾಕ್ಟ್ರು.” ಆಮೇಲೆಯೇ ಸಹಿ ಹಾಕಿದರು. ಕಂಪ್ಯೂಟರ್ ಅವರನ್ನು ಹಾಕಿದ್ದು ರೂಢಿಯ ಚಿಕಿತ್ಸೆಯ ಗುಂಪಿಗೆ.

“ಆ ಹೆಂಗಸರಲ್ಲೂ ಯಾರಿಗೋ ಹಳೇದೇ ಬಂದಿರುತ್ತಲ್ಲ ಮೇಡಂ” ಎಂದರು.

ಮಗ ಮಾತ್ರ ಅವತ್ತು ತಲೆ ಎತ್ತಲಿಲ್ಲ. ಮುಂದಿನ ವಾರ ಅವನೊಬ್ಬನೇ ಬರಲಿ ಎಂದಿದ್ದೇನೆ.