ಫೋಟೊ ತಿದ್ದಲು ಯಾವ ಫೈಲ್ ಮಾದರಿ ಸೂಕ್ತ?

ಪ್ರಶ್ನೆ: ನನ್ನ ಕ್ಯಾಮೆರಾದಲ್ಲಿ ಚಿತ್ರಗಳು ಜೆಪೆಗ್ ಮಾದರಿಯಲ್ಲಿ ಸೇವ್ ಆಗುತ್ತವೆ. ಒಂದೇ ಚಿತ್ರವನ್ನು ಹಲವು ದಿನ ಸ್ವಲ್ಪಸ್ವಲ್ಪವಾಗಿ ತಿದ್ದುವುದು ನನ್ನ ಅಭ್ಯಾಸ. ಹೀಗೆ ಮಾಡಿದರೆ ಗುಣಮಟ್ಟ ಕುಸಿಯುತ್ತದೆಂದು ಸ್ನೇಹಿತರು ಹೇಳುತ್ತಾರೆ. ಬರೀ ತೆರೆದು ನೋಡಿದರೂ ಚಿತ್ರ ಹಾಳಾಗುತ್ತದೆಯೇ? ತಿದ್ದುವುದಕ್ಕೆ ಯಾವ ಮಾದರಿ ಒಳ್ಳೆಯದು?

ಉತ್ತರ: ತೆರೆದು ನೋಡುವುದರಿಂದಾಗಲಿ, ನಕಲು ಮಾಡುವುದರಿಂದಾಗಲಿ, ಹೆಸರು ಬದಲಿಸುವುದರಿಂದಾಗಲಿ ಜೆಪೆಗ್ ಚಿತ್ರಕ್ಕೆ ಏನೂ ಆಗುವುದಿಲ್ಲ. ನಷ್ಟವಾಗುವುದು ತಿದ್ದಿದ ಚಿತ್ರವನ್ನು ಮತ್ತೆ ಜೆಪೆಗ್ ಆಗಿಯೇ ಸೇವ್ ಮಾಡಿದಾಗ. 1992ರಲ್ಲಿ ರೂಪುಗೊಂಡ ಈ ಮಾನದಂಡವು ಚಿತ್ರವನ್ನು ಅಡ್ಡ 8, ಉದ್ದ 8 ಪಿಕ್ಸೆಲ್‌ಗಳ ಪುಟ್ಟ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಗೋಚರಿಸದ ಸೂಕ್ಷ್ಮ ವಿವರಗಳನ್ನು ಅಂದಾಜಿನ ಮೌಲ್ಯಗಳಿಗೆ ಇಳಿಸಿಬಿಡುತ್ತದೆ. ಹೀಗೆ ಹೋದ ವಿವರ ಮರಳಿ ಬರುವುದಿಲ್ಲ. ನೀಲಿ ಆಕಾಶದ ಎದುರು ಹಾದುಹೋದ ವಿದ್ಯುತ್ ತಂತಿಯ ಚಿತ್ರವನ್ನು ಕಡಿಮೆ ಗುಣಮಟ್ಟದಲ್ಲಿ ಸೇವ್ ಮಾಡಿ, ನಾಲ್ಕು ಪಟ್ಟು ಹಿಗ್ಗಿಸಿ ನೋಡಿ. ತಂತಿಯ ಇಕ್ಕೆಲಗಳಲ್ಲಿ ಮಸುಕಾದ ಚುಕ್ಕೆಗಳೂ, ಆಕಾಶದಲ್ಲಿ ಚೌಕಗಳ ಗೆರೆಗಳೂ ಕಾಣಿಸುತ್ತವೆ. ಉನ್ನತ ಗುಣಮಟ್ಟದಲ್ಲಿ ಒಂದೆರಡು ಬಾರಿ ಸೇವ್ ಮಾಡಿದ್ದರೆ ಗಾಬರಿಪಡಬೇಕಾಗಿಲ್ಲ. ಆದರೆ ದಿನವೂ ತಿದ್ದುವವರಿಗೆ ಅದು ಸರಿಯಾದ ದಾರಿಯಲ್ಲ.

ಜೆಪೆಗ್‌ಗೆ ಇನ್ನೊಂದು ಮಿತಿಯೂ ಇದೆ, ತಿದ್ದುವವರಿಗೆ ಅದೇ ಹೆಚ್ಚು ತೊಡಕಿನದು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ ಕತ್ತಲಿನಿಂದ ಬೆಳಕಿನವರೆಗೆ 256 ಹಂತಗಳು ಮಾತ್ರ. ಕ್ಯಾಮೆರಾದ ಸಂವೇದಕ ದಾಖಲಿಸಿದ್ದನ್ನು ಹೆಚ್ಚುಕಡಿಮೆ ಹಾಗೆಯೇ ಇಡುವ ರಾ ಫೈಲಿನಲ್ಲಿ 12 ಬಿಟ್ ಆದರೆ 4,096 ಹಂತಗಳು, 14 ಬಿಟ್ ಆದರೆ 16,384 ಹಂತಗಳು ಇರುತ್ತವೆ. ನೆರಳಿನಲ್ಲಿರುವ ಮುಖವನ್ನು ಬೆಳಗಿಸಲು ಹೊರಟಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ: ಜೆಪೆಗ್‌ನಲ್ಲಿ ಕೆನ್ನೆಯ ಮೇಲಿನ ಛಾಯೆ ಪಟ್ಟಿಪಟ್ಟಿಯಾಗಿ ಒಡೆಯಬಹುದು, ರಾದಲ್ಲಿ ಅದು ನಯವಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ವಸ್ತು ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣದ ಹೊಂದಾಣಿಕೆ ಕೂಡ ರಾದಲ್ಲಿ ಇನ್ನೂ ಚಿತ್ರದೊಳಗೆ ಬೆರೆತಿರುವುದಿಲ್ಲವಾದ್ದರಿಂದ ಅದನ್ನು ನಿಶ್ಚಿಂತೆಯಿಂದ ಬದಲಿಸಬಹುದು.

ಆದ್ದರಿಂದ ನಿಮ್ಮ ಕ್ಯಾಮೆರಾದಲ್ಲಿ ರಾ ಸೌಲಭ್ಯವಿದ್ದರೆ ಅದರಲ್ಲೇ ತೆಗೆಯಿರಿ. ಲೈಟ್‌ರೂಮ್, ಡಾರ್ಕ್‌ಟೇಬಲ್ ಮುಂತಾದ ತಂತ್ರಾಂಶಗಳು ಮೂಲ ಫೈಲನ್ನು ಮುಟ್ಟದೆ, ನೀವು ಮಾಡಿದ ಬದಲಾವಣೆಗಳನ್ನು ಸೂಚನೆಗಳ ರೂಪದಲ್ಲಿ ಬೇರೆಯಾಗಿ ಬರೆದಿಡುತ್ತವೆ. ಒಂದರ ಮೇಲೊಂದು ಪದರಗಳನ್ನು, ಅಂದರೆ ಲೇಯರ್‌ಗಳನ್ನು ಇಟ್ಟು ಕೂದಲೆಳೆಯಷ್ಟು ಸೂಕ್ಷ್ಮವಾಗಿ ತಿದ್ದುವ ಕೆಲಸ ಬಂದಾಗ 16 ಬಿಟ್‌ನ ಟಿಫ್ (ವಿವರ ಕಳೆಯದೆ ಚಿತ್ರವನ್ನು ಉಳಿಸುವ ಮಾದರಿ) ಆಗಿ, ಇಲ್ಲವೇ ಆಯಾ ತಂತ್ರಾಂಶದ ಸ್ವಂತ ಮಾದರಿಯಲ್ಲಿ, ಅಂದರೆ ಫೋಟೊಶಾಪ್‌ನಲ್ಲಿ ಪಿಎಸ್‌ಡಿಯಾಗಿ, ಗಿಂಪ್‌ನಲ್ಲಿ ಎಕ್ಸ್‌ಸಿಎಫ್ ಆಗಿ ಇಟ್ಟುಕೊಳ್ಳಿ. ಕೆಲಸವೆಲ್ಲ ಮುಗಿದು ಚಿತ್ರವನ್ನು ಯಾರಿಗಾದರೂ ಕಳುಹಿಸುವಾಗ ಮಾತ್ರ, ಹೊಸ ಹೆಸರಿನಲ್ಲಿ ಒಂದೇ ಒಂದು ಸಲ ಜೆಪೆಗ್ ಮಾಡಿದರೆ ಸಾಕು. ಒಂದು ತಂತ್ರಾಂಶದ ಗುಣಮಟ್ಟ 90 ಎಂಬ ಅಂಕಿ ಇನ್ನೊಂದರ 90ಕ್ಕೆ ಸಮವಲ್ಲ ಎಂಬುದು ಆಗ ನೆನಪಿರಲಿ.

ಪ್ರಶ್ನೆ: ಜೆಪೆಗ್ ಚಿತ್ರವನ್ನು ಟಿಫ್‌ಗೆ ಪರಿವರ್ತಿಸಿದರೆ ಸ್ಪಷ್ಟತೆ ಹೆಚ್ಚುತ್ತದೆಯೇ? ಟಿಫ್ ಅಷ್ಟು ದೊಡ್ಡದಾಗುವುದೇಕೆ? ಬದಲಿಗೆ ಪಿಎನ್‌ಜಿ ಬಳಸಬಹುದೇ?

ಉತ್ತರ: ಸ್ಪಷ್ಟತೆ ಹೆಚ್ಚುವುದಿಲ್ಲ. ಆದರೂ ಪರಿವರ್ತನೆ ವ್ಯರ್ಥವಲ್ಲ, ಏಕೆಂದರೆ ಅಲ್ಲಿಂದ ಮುಂದೆ ಎಷ್ಟು ಬಾರಿ ಸೇವ್ ಮಾಡಿದರೂ ಸಂಕುಚನದಿಂದ, ಅಂದರೆ ಫೈಲಿನ ಗಾತ್ರ ಇಳಿಸುವುದರಿಂದ ಹೊಸ ನಷ್ಟವಾಗುವುದಿಲ್ಲ. ಗಾತ್ರದ ಲೆಕ್ಕ ಸರಳವಾಗಿದೆ: 6,000 ಪಿಕ್ಸೆಲ್ ಅಗಲ, 4,000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 2.4 ಕೋಟಿ ಪಿಕ್ಸೆಲ್‌ಗಳಿವೆ. ಒಂದೊಂದಕ್ಕೂ ಮೂರು ಬಣ್ಣಗಳ ಮಾಹಿತಿ ಬೇಕು. ಹಾಗಾಗಿ 8 ಬಿಟ್‌ನಲ್ಲಿ ಸುಮಾರು 72 ಎಂಬಿ, 16 ಬಿಟ್‌ನಲ್ಲಿ 144 ಎಂಬಿ ಆಗುತ್ತದೆ, ಲೇಯರ್ ಸೇರಿಸಿದರೆ ಇನ್ನೂ ಬೆಳೆಯುತ್ತದೆ. ಟಿಫ್‌ನಲ್ಲಿ ನಷ್ಟವಿಲ್ಲದ ಸಂಕುಚನವೂ ಉಂಟು. 16 ಬಿಟ್ ಚಿತ್ರಕ್ಕೆ ಜಿಪ್ ಎಂಬ ವಿಧಾನ ಆಯ್ದುಕೊಳ್ಳಿ, ಎಲ್‌ಜೆಡ್‌ಡಬ್ಲ್ಯು ಎಂಬ ಇನ್ನೊಂದು ವಿಧಾನ ಬಳಸಿದರೆ ಫೈಲ್ ಕೆಲವೊಮ್ಮೆ ಇನ್ನಷ್ಟು ಹಿಗ್ಗುತ್ತದೆ.

ಪಿಎನ್‌ಜಿಯಲ್ಲೂ ನಷ್ಟವಿಲ್ಲ, 16 ಬಿಟ್ ಕೂಡ ಸಾಧ್ಯ. ಆದರೆ ಅದು ಪರದೆಯ ಮೇಲಿನ ಚಿತ್ರಗಳಿಗೆಂದು ರೂಪಿಸಿದ ಮಾದರಿ. ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣಗಳಿಗೆ ಅದರಲ್ಲಿ ಅವಕಾಶವಿಲ್ಲ, ಲೇಯರ್‌ಗಳೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಲಾಂಛನ, ನಕ್ಷೆ, ಅಕ್ಷರಗಳಿರುವ ಚಿತ್ರಗಳಿಗೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ.

ಪ್ರಶ್ನೆ: ನನ್ನ ಐಫೋನ್‌ನ ಚಿತ್ರಗಳು ಹೆಚ್‌ಇಐಸಿ ಮಾದರಿಯಲ್ಲಿವೆ. ತಿದ್ದುವ ಮೊದಲು ಜೆಪೆಗ್ ಮಾಡಿಕೊಳ್ಳಬೇಕೇ?

ಉತ್ತರ: ಬೇಡ. 2017ರಿಂದ ಐಫೋನ್‌ಗಳಲ್ಲಿ ಬಳಕೆಗೆ ಬಂದ ಈ ಮಾದರಿಯೂ ಸ್ವಲ್ಪ ವಿವರವನ್ನು ಬಿಟ್ಟೇ ಗಾತ್ರ ಇಳಿಸುತ್ತದೆ. ಅದರ ಮೇಲೆ ಜೆಪೆಗ್ ಮಾಡಿದರೆ ನಷ್ಟದ ಮೇಲೆ ಇನ್ನೊಂದು ನಷ್ಟ. ನಿಮ್ಮ ತಂತ್ರಾಂಶ ಹೆಚ್‌ಇಐಸಿಯನ್ನು ನೇರವಾಗಿ ತೆರೆಯುವುದಾದರೆ ಹಾಗೆಯೇ ತೆರೆದು ಟಿಫ್ ಆಗಿ ಸೇವ್ ಮಾಡಿ. ತೆರೆಯದಿದ್ದರೆ ಬೇರೊಂದು ತಂತ್ರಾಂಶದಿಂದ ಟಿಫ್‌ಗೆ ಪರಿವರ್ತಿಸಿಕೊಂಡು, ಫೋನಿನಿಂದ ಬಂದ ಮೂಲ ಫೈಲನ್ನು ಅಳಿಸದೆ ಪ್ರತ್ಯೇಕ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.