ಟೀಚರ್‌ಗಳು ಪದೇ ಪದೇ ಶಾಲೆ ಬದಲಿಸೋದು ಯಾಕೆ? ಬರೀ ಸಂಬಳಕ್ಕಾ?

ನಿಮ್ಮ ಮಗಳ ಶಾಲೆಯಲ್ಲಿ ಪ್ರತಿ ಜೂನ್‌ಗೂ ಹೊಸ ಟೀಚರ್‌ಗಳು, ಸಂಬಳ ಸಾಲದೆ ಹೋಗುತ್ತಾರಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ, ಶಾಲೆ ಬದಲಿಸಿಯೂ ಇದ್ದೇನೆ. ಸಂಬಳ ಒಂದು ಕಾರಣ, ಇಲ್ಲ ಅನ್ನಲ್ಲ. ಆದರೆ ಸಂಬಳ ಕಡಿಮೆ ಅಂತ ಸೇರುವಾಗಲೇ ಗೊತ್ತಿರುತ್ತದೆ. ಗೊತ್ತಿಲ್ಲದೆ ತಲೆಗೆ ಬಂದು ಬೀಳುವ ಕೆಲಸವೇ ಜನರನ್ನು ಓಡಿಸುವುದು.

ಹಿಂದಿನ ಶಾಲೆಯಲ್ಲಿ ದಿನಕ್ಕೊಂದು ಫ್ರೀ ಪೀರಿಯಡ್ ಇತ್ತು, ಟೈಮ್‌ಟೇಬಲ್‌ನಲ್ಲಿ. ನೋಟ್‌ಬುಕ್ ರಾಶಿ ಮುಂದಿಟ್ಟುಕೊಂಡು ಕೆಂಪು ಪೆನ್ನಿನ ಕ್ಯಾಪ್ ತೆಗೆಯುವಷ್ಟರಲ್ಲಿ ಆಯಮ್ಮ ರಿಜಿಸ್ಟರ್ ಹಿಡಿದು ಬಂದಿರುತ್ತಿದ್ದರು. 'ಮಿಸ್, ಸೆವೆಂತ್ ಬಿ, ಸೈನ್ ಹಾಕಿ.' ರಜೆ ಹಾಕಿದವರ ಕ್ಲಾಸಿಗೆ ನಾನು, ನೋಟ್‌ಬುಕ್‌ಗಳು ಮನೆಗೆ. ಮಾರನೇ ದಿನ ಕೋಆರ್ಡಿನೇಟರ್ ಅದೇ ನೋಟ್‌ಬುಕ್ ತೆಗೆದು, ಇಲ್ಲಿ ತಾರೀಖು ಹಾಕಿಲ್ಲವಲ್ಲ ಅಂತ ಸ್ಟಾಫ್‌ ರೂಮಿನಲ್ಲಿ ಎಲ್ಲರ ಮುಂದೆ ಕೇಳುತ್ತಿದ್ದರು. ಬೇಸಿಗೆಯಲ್ಲಿ ಪಾಂಪ್ಲೆಟ್ ಹಿಡಿದು ಮನೆ ಮನೆಗೆ ಹೋಗಿ ಅಡ್ಮಿಷನ್ ತನ್ನಿ ಅನ್ನುವ ಸಣ್ಣ ಶಾಲೆಗಳೂ ಇವೆ. ಬಿ.ಎಡ್ ಮಾಡಿದ್ದು ಇದಕ್ಕಾ ಅನ್ನಿಸದೇ ಇರುತ್ತಾ?

ಇನ್ನು ದೂರ. ವಿಜಯನಗರದಲ್ಲಿ ಮನೆ, ಸರ್ಜಾಪುರ ರಸ್ತೆಯಲ್ಲಿ ಶಾಲೆ ಅಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕೇ ಅರ್ಧ ಜೀವ ತಿನ್ನುತ್ತದೆ. ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅಂತ ಮನೆ ಹತ್ತಿರದ ಶಾಲೆಗೆ ಹೋದವರು ನನ್ನ ಪರಿಚಯದಲ್ಲೇ ಇದ್ದಾರೆ.

ಇಷ್ಟೆಲ್ಲ ಇದ್ದರೂ ಕೆಲವರು ಯಾಕೆ ಉಳಿಯುತ್ತಾರೆ ಅಂದರೆ, ಸ್ವಂತ ಮಗುವಿಗೆ ಫೀಸಿನಲ್ಲಿ ರಿಯಾಯಿತಿ. ಮಗು ಹತ್ತನೇ ಕ್ಲಾಸ್ ಮುಗಿಸಿತೋ, ಅಮ್ಮನ ರಾಜೀನಾಮೆ ಪತ್ರ ರೆಡಿ! ಕೆಲಸ ಕಾಯಂ ಆದವರಿಗೆ ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಶಾಲೆ ಕೊಡಬೇಕಾದ ಇಡುಗಂಟಿನ ಲೆಕ್ಕವೂ ಇರುತ್ತದೆ. ಅದಕ್ಕೆ ಬಿಡದೆ 5 ವರ್ಷ ದುಡಿದಿರಬೇಕು. ಖಾಸಗಿ ಶಾಲೆಯ ಶಿಕ್ಷಕರಿಗೂ ಅದು ಸಿಗಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ನಾಲ್ಕು ವರ್ಷ ಕಳೆದವರು ಇನ್ನೊಂದು ವರ್ಷ ಹಲ್ಲು ಕಚ್ಚಿಕೊಂಡು ಇರುತ್ತಾರೆ. ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಜನರನ್ನು ಕಟ್ಟಿಹಾಕುವ ಶಾಲೆಗಳೂ ಇವೆ. ನನ್ನ ಪ್ರಕಾರ ಅಂಥ ಕಡೆ ಸೇರಲೇಬಾರದು.

ಸರ್ಕಾರಿ ಶಾಲೆಯ ಕಥೆಯೇ ಬೇರೆ. ಅಲ್ಲಿ ಬೇಜಾರಾಯಿತು ಅಂತ ಸುಮ್ನೆ ಬದಲಿಸೋಕಾಗಲ್ಲ. 2020ರ ವರ್ಗಾವಣೆ ಕಾಯ್ದೆ, ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್, ಖಾಲಿ ಹುದ್ದೆ ಎಲ್ಲ ಕೂಡಿ ಬರಬೇಕು.

ನಿಮ್ಮ ಮಗಳ ಶಾಲೆ ವಿಷಯಕ್ಕೆ ಬಂದರೆ, ಪರೀಕ್ಷೆ ಮುಗಿದ ಮೇಲೆ ಒಬ್ಬಿಬ್ಬರು ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ವರ್ಷದ ನಡುವೆ, ನವೆಂಬರ್‌ನಲ್ಲೋ ಡಿಸೆಂಬರ್‌ನಲ್ಲೋ, ಒಬ್ಬರ ಹಿಂದೆ ಒಬ್ಬರು ಬಿಟ್ಟರೆ ಒಳಗೆ ಏನೋ ಸರಿಯಿಲ್ಲ ಅಂತ. ಪ್ರಿನ್ಸಿಪಾಲರನ್ನು ಕೇಳಿದರೆ 'ಪರ್ಸನಲ್ ರೀಸನ್' ಅನ್ನುತ್ತಾರೆ. ವ್ಯಾನ್ ಡ್ರೈವರಣ್ಣನನ್ನು ಕೇಳಿ ನೋಡಿ, ಪೂರ್ತಿ ವಿಷಯ ಗೊತ್ತಾಗುತ್ತದೆ.